ಕೋಡಮ್ಮನ ಬಲಗಡೆ ಹೂವು

ಮೇ 9, ಗುರುವಾರ. ಬೆಳಗ್ಗೆ

ಎದ್ದೆ, ಹಾಲು ಕರೆದೆ, ಸೋಸಿದೆ, ಡೇರಿಗೆ ಹಾಕಿ ಬಂದೆ. ದಿನಾ ಇದೇ. ಹಸುಗಳಲ್ಲಿ ಗೌರಿ ತುಂಬು ಗಬ್ಬ, ಅವಳನ್ನು ಬಿಟ್ಟು ಉಳಿದ ಮೂರರಲ್ಲಿ ಎರಡು ನನ್ನವು. ಒಂದು ಅಮ್ಮನದು. ಅಮ್ಮನ ಬಲಗೈ ಮಣಿಕಟ್ಟು ಮತ್ತೆ ಊದಿದೆ. ಅರ್ಧ ಕರೆದು ಎದ್ದಳು, ಉಳಿದದ್ದನ್ನು ನಾನೇ ಕರೆದೆ.

ಡೇರೀಲಿ ಎಲ್ಲರದೂ ಒಂದೇ ಮಾತು. "ಇವತ್ತು ರಿಸಲ್ಟಂತಲ್ಲಮ್ಮಾ?" ಹೌದಂತೆ. ನನಗೇ ಗೊತ್ತಿಲ್ಲದ ಹಾಗೆ ಕೇಳ್ತಾರೆ.

ಮಧ್ಯಾಹ್ನ

587!!! ಆರುನೂರ ಇಪ್ಪತ್ತೈದಕ್ಕೆ. ಮ್ಯಾಥ್ಸ್ 99, ಸೈನ್ಸ್ 96. ಇಂಗ್ಲಿಷ್ ಮಾತ್ರ 84... ಹಾಳಾಗಿ ಹೋಗಲಿ.

ಮನೆಯಲ್ಲಿ ಇಂಟರ್ನೆಟ್ ಸಿಗಲ್ಲ. ಅಣ್ಣ ರಘು ಕೆರೆ ಏರಿ ಮೇಲೆ ಹೋಗಿ ನೋಡಿಕೊಂಡು ಓಡಿ ಬಂದ. ನನಗಿಂತ ಅವನೇ ಜೋರಾಗಿ ಕೂಗಿದ. ಪಾಪ, ಅವನ ಸೆಕೆಂಡ್ ಪಿಯು ರಿಸಲ್ಟ್ ಬಂದಾಗ ಯಾರೂ ಕೂಗಿರಲಿಲ್ಲ. ಫಿಸಿಕ್ಸ್, ಮ್ಯಾಥ್ಸ್ ಎರಡೂ ಡುಮ್ಕಿ.

ಅಪ್ಪ "ಪರವಾಗಿಲ್ಲ" ಅಂದ. ಅಜ್ಜಿ ದೃಷ್ಟಿ ತೆಗೆದಳು. ಅಮ್ಮ ಎಡಗೈಲಿ ನನ್ನ ಬೆನ್ನು ಸವರಿದಳು.

ಮೇ 11, ಶನಿವಾರ

ಹಗರೆಗೆ ಹೋಗಿದ್ದೆ, ರಮಾ ಮಿಸ್ ಮನೆಗೆ. ಹೈಸ್ಕೂಲಿನಲ್ಲಿ ನಮಗೆ ಮ್ಯಾಥ್ಸ್ ಪಾಠ ಮಾಡಿದವರು. ಕಾಫಿ ಕೊಟ್ಟು ಸೀದಾ ವಿಷಯಕ್ಕೆ ಬಂದರು.

"ಏನಾಗ್ಬೇಕು ಸಿಂಧು?"

"ಅಗ್ರಿಕಲ್ಚರ್ ಆಫೀಸರ್ ಮಿಸ್."

ನಗಲಿಲ್ಲ. ಅದೇ ಸಮಾಧಾನ. ಹೋದ ವರ್ಷ ತೆಂಗಿನ ಗರಿಗೆ ಹುಳ ಬಿದ್ದಾಗ ಒಬ್ಬ ಮೇಡಂ ಜೀಪಿನಲ್ಲಿ ನಮ್ಮ ತೋಟಕ್ಕೆ ಬಂದಿದ್ದರು. ಅಪ್ಪ ಎದ್ದು ನಿಂತು ಕುರ್ಚಿ ತಂದು ಹಾಕಿದ. ಅಪ್ಪ ಒಬ್ಬ ಹೆಂಗಸಿಗೆ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವತ್ತೇ ತೀರ್ಮಾನ ಮಾಡಿದ್ದೆ.

ಮಿಸ್ ಎಲ್ಲ ಬಿಡಿಸಿ ಹೇಳಿದರು. ಪಿಸಿಎಂಬಿ ತಗೋಬೇಕು. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ — ನಾಲ್ಕೂ ಬೇಕು. ಎರಡು ವರ್ಷ, ಆಮೇಲೆ ಸಿಇಟಿ, ಆಮೇಲೆ ಬಿಎಸ್ಸಿ ಅಗ್ರಿ. ರೈತರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಪ್ರಾಕ್ಟಿಕಲ್ ಬೇರೆ. ಬೀಜ, ಕಳೆ, ಗೊಬ್ಬರ ಗುರುತಿಸಬೇಕು. "ಅದನ್ನ ಕಣ್ಮುಚ್ಕೊಂಡು ಮಾಡ್ತೀನಿ ಮಿಸ್" ಅಂದೆ.

"ಕಣ್ಮುಚ್ಕೊಂಡು ಮಾಡೋಕಾಗದೇ ಇರೋದು ಇಂಗ್ಲಿಷು. ಇಷ್ಟು ದಿನ ಕನ್ನಡದಲ್ಲಿ ಓದಿದೀಯ, ಅಲ್ಲಿ ಎಲ್ಲ ಇಂಗ್ಲಿಷಲ್ಲೇ. ಮೊದಲ ಮೂರು ತಿಂಗಳು ಅಳ್ತೀಯ. ಅಳು. ಕ್ಲಾಸ್ ಮಾತ್ರ ತಪ್ಪಿಸ್ಬೇಡ, ಲ್ಯಾಬ್ ತಪ್ಪಿಸ್ಬೇಡ. ಅಟೆಂಡೆನ್ಸ್ ಕಮ್ಮಿ ಆದ್ರೆ ಪರೀಕ್ಷೆಗೇ ಕೂರಿಸಲ್ಲ."

ಸೈನ್ಸ್ ಇರೋದು ಬೇಲೂರಿನಲ್ಲಿ. ಹಗರೆಯಿಂದ ಬಸ್ಸು. ಲ್ಯಾಬ್ ಮುಗಿಸಿ ಮನೆ ಸೇರುವಾಗ ಸಂಜೆ ಆರೂವರೆ. ಹಳೇಬೀಡಿನಲ್ಲಿ ಆದರೆ ಕಾಮರ್ಸು, ಆರ್ಟ್ಸು.

"ಸೈನ್ಸಿಂದ ಆ ಕಡೆ ಯಾವಾಗ ಬೇಕಾದ್ರೂ ಹೋಗ್ಬಹುದು. ಆ ಕಡೆಯಿಂದ ಈ ಕಡೆ ಬರೋಕಾಗಲ್ಲ. ನೆನಪಿಟ್ಕೋ" ಅಂದರು ಮಿಸ್.

ಇಟ್ಟುಕೊಂಡಿದ್ದೇನೆ.

ಮೇ 14, ಮಂಗಳವಾರ

ಊಟಕ್ಕೆ ಕೂತಾಗ ಹೇಳಿದೆ. ಹೇಳಬಾರದಿತ್ತು ಊಟದ ಹೊತ್ತಲ್ಲಿ.

"ಸೈನ್ಸು ಗೀನ್ಸು ಈ ಮನೆಗೆ ಆಗ್ಬರಲ್ಲ ಕಣಮ್ಮ. ಇಲ್ನೋಡು, ಎದುರಿಗೇ ಕುಂತವ್ನೆ" ಅಂದ ಅಪ್ಪ. ರಘು ಮುದ್ದೆ ಮುರಿಯುತ್ತಿದ್ದವನು ತಲೆ ಎತ್ತಲಿಲ್ಲ.

"ಅವನು ಓದ್ಲಿಲ್ಲ. ನಾನು ಓದ್ತೀನಿ."

"ಬಾಯಿ ನೋಡು ಇವಳ್ದು! ಹಳೇಬೀಡಲ್ಲಿ ಕಾಮರ್ಸ್ ಐತೆ. ಒಂದೂವರೆಗೆಲ್ಲ ಬಿಡ್ತಾರೆ, ಎರಡೂವರೆಗೆ ಮನೇಲಿರ್ತೀಯ. ಬಿಕಾಂ ಮಾಡಿದ್ರೆ ನಮ್ ಡೇರಿ ಸೆಕ್ರೆಟ್ರಿನಾರ ಆಗ್ಬೋದು."

ಡೇರಿ ಸೆಕ್ರೆಟರಿ! ಹುಟ್ಟಿದಾಗಿನಿಂದ ಹಾಲಿನ ವಾಸನೆ, ಸಾಯೋವರೆಗೂ ಅದೇ ವಾಸನೆ ಬೇಕಂತೆ ನನಗೆ. ಅಂದೆ. ಅಪ್ಪ ತಟ್ಟೆ ತಳ್ಳಿ ಎದ್ದ.

ಆಗ ಅಜ್ಜಿ ಅಂದಳು, "ಸುಮ್ಕೆ ಯಾಕ್ ಕಿತ್ತಾಡ್ತೀರ. ಭಾನುವಾರ ಕೋಡಮ್ಮನ್ನ ಕೇಳಾನ. ಅವಳು ಹೇಳ್ದಂಗೆ."

ಅಪ್ಪ ನಿಂತಲ್ಲೇ "ಆಯ್ತು" ಅಂದ. ಮುಗಿಯಿತು. ಕೋಡಮ್ಮ ಅಂದಮೇಲೆ ಈ ಮನೆಯಲ್ಲಿ ಯಾರೂ ಮಾತಾಡಲ್ಲ. ಕೆರೆ ಕೋಡಿ ಹತ್ತಿರ ಗುಡಿ, ನಮ್ಮ ಮನೆದೇವರು. ಅಮ್ಮನವರ ಎರಡೂ ಭುಜಕ್ಕೆ ಒಂದೊಂದು ಕಣಗಿಲೆ ಹೂ ಅಂಟಿಸುತ್ತಾರೆ. ಮನೆಯ ಹೆಂಗಸೊಬ್ಬಳು ಪ್ರಶ್ನೆ ಕೇಳಬೇಕು. ಬಲಗಡೆ ಹೂ ಬಿದ್ದರೆ ಹೌದು, ಎಡಗಡೆ ಬಿದ್ದರೆ ಬೇಡ. ಕೊಳವೆಬಾವಿ ಕೊರೆಸಿದ್ದು, ಅತ್ತೆಯ ಮದುವೆ, ಎಲ್ಲ ಹೀಗೆ ಕೇಳಿಯೇ. ಒಂದು ಮನೆಗೆ ಯುಗಾದಿಯಿಂದ ಯುಗಾದಿಗೆ ಒಂದೇ ಪ್ರಶ್ನೆ. ಬಿದ್ದ ಹೂವನ್ನು ಮೀರುವ ಹಾಗಿಲ್ಲ.

ರಘುವನ್ನು ಹಾಸನದ ಹಾಸ್ಟೆಲ್ಲಿಗೆ ಹಾಕಿ ಸೈನ್ಸ್ ಕೊಡಿಸುವಾಗ ಯಾವ ಹೂವನ್ನೂ ಕೇಳಿರಲಿಲ್ಲ. ಗಂಡು ಮಗನಿಗೆ ಅಪ್ಪನ ಬಾಯೇ ಸಾಕು, ನನಗೆ ಮಾತ್ರ ದೇವರು ಬೇಕು.

ಮೇ 16, ಗುರುವಾರ

ಗೌರಿ ಕರು ಹಾಕಿದಳು. ಹೆಣ್ಣು. ಹಣೆ ಮೇಲೆ ಬಿಳಿ ಮಚ್ಚೆ. ಮುದ್ದು!

ಗಿಣ್ಣು ಕಾಯಿಸುವಾಗ ತಲೆಗೆ ಹೊಳೆಯಿತು. ಪೂಜಾರಿ ಗಿಡ್ಡಯ್ಯ ಗಿಣ್ಣು ಅಂದರೆ ಪ್ರಾಣ ಬಿಡುತ್ತಾನೆ. ಬೆಲ್ಲ ಜಾಸ್ತಿ ಹಾಕಿದೆ. ಏಲಕ್ಕಿ ಹಾಕಿದೆ. ಅಮ್ಮ ನೋಡಿದಳು, ಯಾರಿಗೆ ಅಂತ ಕೇಳಲಿಲ್ಲ.

ಗಿಡ್ಡಯ್ಯ ಗುಡಿ ಜಗಲಿ ಮೇಲೆ ಕೂತು ಇಡೀ ಡಬ್ಬಿ ಖಾಲಿ ಮಾಡಿದ. ಬೆರಳು ನೆಕ್ಕಿಕೊಂಡು ಕೇಳಿದ, "ಈಗ ಹೇಳು ಮಗ. ಸುಮ್ಸುಮ್ನೆ ಯಾರೂ ಗಿಡ್ಡಯ್ಯಂಗೆ ಗಿಣ್ಣು ತರಲ್ಲ."

"ಭಾನುವಾರ ನಮ್ಮನೇದು ಪ್ರಶ್ನೆ ಐತೆ. ಬಲಗಡೆ ಬೇಕು."

ಕೆಮ್ಮು ಬರುವ ಹಾಗೆ ನಕ್ಕ. "ಅಷ್ಟೇನಾ? ಎಡಗಡೇದಕ್ಕೆ ಗಂಧ ಮೆತ್ತಾನ, ಬಲಗಡೇದಕ್ಕೆ ಬರೀ ನೀರು. ಗಂಟೆ ಬಾರಿಸಿದ್ರೆ ಸಾಕು, ಅದೇ ಬೀಳ್ತದೆ."

"ಪಾಪ ಬರಲ್ವಾ ಗಿಡ್ಡಯ್ಯ?"

"ಬಂದ್ರೆ ನಂಗ್ ತಾನೆ? ನೀನ್ ಯಾಕ್ ಯೋಚ್ನೆ ಮಾಡ್ತೀಯ."

ಪ್ರಶ್ನೆ ಏನು ಅಂತ ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳುವುದಕ್ಕೇನಿದೆ? ಸೈನ್ಸಿಗೆ ಕಳಿಸಲಾ ಅಂತ ಕೇಳುತ್ತಾರೆ, ಬಲಗಡೆ ಬೀಳುತ್ತದೆ. ಬರುವಾಗ ಕೆರೆ ಏರಿ ಮೇಲೆ ಜೋರಾಗಿ ಹಾಡು ಹೇಳಿಕೊಂಡು ಬಂದೆ.

ಮೇ 19, ಭಾನುವಾರ

ಬಲಗಡೆಯೇ ಬಿತ್ತು.

ಏನು ಬರೆಯಲಿ... ಎಲ್ಲರೂ ಕೈ ಮುಗಿದು ನಿಂತಿದ್ದೆವು. ಅಜ್ಜಿ ಸೆರಗೊಡ್ಡಿ ಕೇಳಿದಳು, "ತಾಯೀ ಕೋಡಮ್ಮ, ಈ ಮಗು ದೂರ ಹೋಗ್ದೆ ಹಳೇಬೀಡಲ್ಲೇ ಓದ್ಲಾ? ನಿನ್ ಮನಸ್ಸಿಗೆ ಬಂದ್ರೆ ಬಲಗಡೆ ಕೊಡವ್ವಾ."

ನನಗೆ ಅರ್ಥವಾಗುವುದಕ್ಕೇ ಒಂದು ಗಳಿಗೆ ಬೇಕಾಯಿತು. ಇಲ್ಲ ಅಜ್ಜಿ, ಹಾಗಲ್ಲ, ಅನ್ನುವುದರೊಳಗೆ ಗಿಡ್ಡಯ್ಯ ಗಂಟೆ ಬಾರಿಸಿಬಿಟ್ಟ. ಟಪ್ ಅಂತ ಬಿತ್ತು. ಇಷ್ಟು ಬೇಗ ಕೋಡಮ್ಮ ಯಾವತ್ತೂ ಕೊಟ್ಟಿರಲಿಲ್ಲ ಅಂತ ಅಜ್ಜಿ ಹೂವನ್ನು ಕಣ್ಣಿಗೆ ಒತ್ತಿಕೊಂಡಳು. ಅಪ್ಪನ ಮುಖ ಅರಳಿತು.

ಗಿಡ್ಡಯ್ಯ ನನ್ನ ಕಡೆ ನೋಡಿ ಕಣ್ಣು ಹೊಡೆದ. ಹೆಂಗೆ, ಅಂತ!

ಮೇ 20, ಸೋಮವಾರ

ಇಡೀ ದಿನ ಒಂದೇ ಯೋಚನೆ. ಯಾರಿಗೆ ಹೇಳಲಿ? ಏನಂತ ಹೇಳಲಿ? ಹೂ ಬಿದ್ದದ್ದು ಸುಳ್ಳು ಅನ್ನಬೇಕಾದರೆ ನಾನೇ ಬೀಳಿಸಿದ್ದು ಅನ್ನಬೇಕು. ದೇವರಿಗೆ ಗಿಣ್ಣು ತಿನ್ನಿಸಿ ಮೋಸ ಮಾಡಿದ ಹುಡುಗಿ. ಅಪ್ಪ ಕಾಲೇಜೇ ಬೇಡ ಅನ್ನುತ್ತಾನೆ.

ಹೂವನ್ನು ಅದರ ಪಾಡಿಗೆ ಬಿಟ್ಟಿದ್ದರೂ ಅರ್ಧ ಚಾನ್ಸ್ ಇತ್ತು. ಅದನ್ನೂ ನಾನೇ ಕೈಯಾರೆ ಹಾಳು ಮಾಡಿಕೊಂಡೆ. 99 ಬಂದಿದೆ ಮ್ಯಾಥ್ಸಲ್ಲಿ. ಥೂ ನಿನ್ನ.

ಜೂನ್ 3, ಸೋಮವಾರ

ಹಳೇಬೀಡು. ಫಸ್ಟ್ ಪಿಯು, ಕಾಮರ್ಸ್. ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಯಾಕೆ ಕಾಮರ್ಸ್ ತಗೊಂಡೆ ಅಂತ ಕೇಳಿದರು. ಒಬ್ಬ ಬ್ಯಾಂಕು ಅಂದ, ಒಬ್ಬಳು ಸಿ.ಎ. ಅಂದಳು. ನಾನು "ದೇವರ ಅಪ್ಪಣೆ ಸಾರ್" ಅಂದೆ. ಕ್ಲಾಸೆಲ್ಲ ನಕ್ಕಿತು. ಭಕ್ತೆ ಅಂತ ಹೆಸರಿಟ್ಟಿದ್ದಾರೆ ಆಗಲೇ.

ಎರಡೂವರೆಗೆ ಮನೆ. ಮೂರಕ್ಕೆ ಹುಲ್ಲು. ಐದಕ್ಕೆ ಹಾಲು.

ಜೂನ್ 10, ಸೋಮವಾರ

ಹೇಮಾಶ್ರೀ ಸ್ಟೇಟಸ್ ಹಾಕಿದ್ದಾಳೆ. ಬಿಳಿ ಕೋಟು, ಮೈಕ್ರೋಸ್ಕೋಪು, ಪಕ್ಕದಲ್ಲಿ ಇವಳ ಹಲ್ಲು. 541 ಬಂದವಳು. ಹತ್ತನೇ ಕ್ಲಾಸಿನ ಕೊನೆವರೆಗೂ ದ್ವಿದಳ ಧಾನ್ಯ ಯಾವುದು ಅಂತ ನನ್ನನ್ನು ಕೇಳುತ್ತಿದ್ದವಳು. "ಕಂಗ್ರಾಟ್ಸ್ ಕಣೇ" ಅಂತ ಹಾಕಿದೆ. ಹೃದಯದ ಚಿಹ್ನೆ ಬೇರೆ ಹಾಕಿದೆ, ಕೆಂಪುದು.

ಹೊಟ್ಟೆ ಉರಿಯುತ್ತದೆ. ಉರಿಯಲಿ. ಇಲ್ಲಿ ಬರೆಯದೆ ಇನ್ನೆಲ್ಲಿ ಬರೆಯಲಿ.

ಜೂನ್ 14, ಶುಕ್ರವಾರ. ಸಂಜೆ

ರಮಾ ಮಿಸ್ ಫೋನ್ ಮಾಡಿದ್ದರು. ಬೇಲೂರಲ್ಲಿ ಪಿಸಿಎಂಬಿಗೆ ಇನ್ನೂ ಸೀಟಿದೆಯಂತೆ. ದಂಡ ಕಟ್ಟಿ ಸೇರುವುದಕ್ಕೆ ನಾಳೆಯೇ ಕೊನೇ ದಿನ. "ಅಪ್ಪನ್ನ ಕರ್ಕೊಂಡು ಬಾ. ನಾಳೆ ಬಿಟ್ರೆ ಹೋಯ್ತು ಸಿಂಧು."

ನಿಶ್ಚಯ ಮಾಡಿದೆ. ಅಪ್ಪನ ಹತ್ತಿರ ಆಗಲ್ಲ, ಅಜ್ಜಿಯ ಹತ್ತಿರ ಹೇಳಿಬಿಡುವುದು. ಅಜ್ಜಿ ಹೇಳಿದರೆ ಅಪ್ಪ ಕೇಳುತ್ತಾನೆ. ಚಿಕ್ಕಂದಿನಿಂದ ಅವಳ ಮಗ್ಗುಲಲ್ಲೇ ಮಲಗಿದವಳು ನಾನು. ಬೈದರೂ ಆಮೇಲೆ ಕೈ ಬಿಡಲ್ಲ.

ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದಳು. ಕಾಲು ಹಿಡಿದುಕೊಂಡೆ. "ಅಜ್ಜಿ, ಒಂದ್ ತಪ್ಪ್ ಮಾಡಿದೀನಿ..."

"ಗಿಣ್ಣು ಕೊಟ್ಟಿದ್ದು ತಾನೆ?"

ಬತ್ತಿ ಹೊಸೆಯುವುದನ್ನು ನಿಲ್ಲಿಸಲೂ ಇಲ್ಲ ಅವಳು.

"ಗಿಡ್ಡಯ್ಯ ಆ ಭಾನ್ವಾರ ಬೆಳಿಗ್ಗೇನೆ ಬಂದ್ ಹೇಳ್ದ. 'ನಿಮ್ ಮೊಮ್ಮಗ್ಳು ಬಲಗಡೆ ಕೇಳವಳೆ, ಏನ್ ಮಾಡ್ಲಿ ಅನುಸೂಯಕ್ಕ' ಅಂದ. ಕೊಟ್ ಮಾತ್ ತಪ್ಪಬ್ಯಾಡ, ಬಲಗಡೇನೆ ಬೀಳಿಸು ಅಂದೆ. ಕೇಳೋದು ನಾನಲ್ವಾ?"

ಹಿಡಿದಿದ್ದ ಕಾಲು ಬಿಟ್ಟೆ. "ಹಂಗಾದ್ರೆ ಬೇಕಂತಲೇ..."

"ನೀನು ಹೂವಿಗೆ ಕೈ ಹಾಕ್ದೆ. ನಾನು ಮಾತಿಗೆ ಕೈ ಹಾಕ್ದೆ. ಆಯಮ್ಮನ್ನ ಯಾರೂ ಏನೂ ಕೇಳ್ನೇ ಇಲ್ಲ ಬಿಡು."

"ಯಾಕಜ್ಜಿ? ನಾನೇನ್ ಮಾಡಿದ್ದೆ ನಿಂಗೆ?"

"ಸಂಜೆ ಹಾಲ್ ಯಾರ್ ಕರೀತಾರೆ ಹೇಳು. ನೀನು ಆರೂವರೆಗೆ ಬತ್ತೀಯ, ಡೇರಿ ಆರಕ್ಕೆ ಬಾಗಿಲ್ ಹಾಕ್ತಾರೆ. ನಿಮ್ಮವ್ವನ ಕೈ ನೋಡಿದೀಯಾ?"

"ರಘು ಕರೀಲಿ!"

"ಅವನ ಕೈಗೆ ಹಸ ನಿಲ್ಲಲ್ಲ."

ನಿಲ್ಲಲ್ಲವಂತೆ. ನಾನೇನು ಹೊಟ್ಟೆಯಲ್ಲಿದ್ದಾಗಲೇ ಹಾಲು ಕರೆಯುವುದು ಕಲಿತು ಬಂದೆನಾ? ಏಳನೇ ಕ್ಲಾಸಿನಲ್ಲಿ ನನಗೂ ಒದ್ದಿತ್ತು. ಮೊಣಕಾಲಿನ ಕಲೆ ಇನ್ನೂ ಇದೆ. ತೋರಿಸಿದೆ. ಅಜ್ಜಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಹೋಗು, ಹೊತ್ತಾಯ್ತು, ಹಾಲ್ ಕರಿ" ಅಂದಳು.

ಹೋಗಿ ಕರೆದೆ.

ಜೂನ್ 15, ಶನಿವಾರ

ಕಾಲೇಜಿಗೆ ಹೋಗಲಿಲ್ಲ. ಹಗರೆ ಬಸ್‌ಸ್ಟಾಪಿನಲ್ಲಿ ಕೂತಿದ್ದೆ. ಬೇಲೂರಿನ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಕಂಡಕ್ಟರ್ "ಬೇಲೂರಾ, ಬಾಮ್ಮಾ ಬೇಗ" ಅಂದ. ಹತ್ತಿ ಏನು ಮಾಡಲಿ? ಅಪ್ಪನ ಸಹಿ ಇಲ್ಲದೆ ಯಾವ ಕಾಲೇಜು ಸೇರಿಸಿಕೊಳ್ಳುತ್ತದೆ?

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಕ್ಯಾನು ತೊಳೆಯುತ್ತಿದ್ದಳು.

"ನಿಂಗೂ ಗೊತ್ತಿತ್ತಾ?"

ತುಂಬ ಹೊತ್ತು ಉಜ್ಜಿದಳು. ಕ್ಯಾನು ಯಾವಾಗಲೋ ಸ್ವಚ್ಛವಾಗಿತ್ತು.

"ನನ್ ಕೈಯಲ್ಲಿ ಆಗಲ್ಲ ಸಿಂಧು" ಅಂದಳು.

ಅಳು ಬಂತು. ಸಿಟ್ಟೂ ಬಂತು. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಊದಿದ ಕೈ ಮೇಲೆ ಹೇಗೆ ಮಾಡಿಕೊಳ್ಳಲಿ? ಆದರೂ ಮಾಡಿಕೊಂಡೆ. ಇನ್ನು ಮೇಲೆ ಅವಳ ಜೊತೆ ಸರಿಯಾಗಿ ಮಾತಾಡಲ್ಲ, ಇವತ್ತಿಂದಲೇ ಶುರು.

ಜುಲೈ 17, ಬುಧವಾರ

ರಘುದು ಮೂರನೇ ಪರೀಕ್ಷೆಯೂ ಹೋಯಿತು. ಫಿಸಿಕ್ಸ್ ಪಾಸು, ಮ್ಯಾಥ್ಸ್ ಇಲ್ಲ. ಅಪ್ಪ ಅರಸೀಕೆರೆಯಲ್ಲಿ ಟ್ಯೂಷನ್‌ಗೆ ಹಾಕಿದ್ದಾನೆ. ವಾರಕ್ಕೆ ಮೂರು ದಿನ. ಅವನಿಗೆ ಕೊಟ್ಟ ಸೈನ್ಸ್ ಇನ್ನೂ ಮುಗಿದಿಲ್ಲ, ನನಗೆ ಶುರುವೇ ಆಗಲಿಲ್ಲ.

ನವೆಂಬರ್ 21, ಗುರುವಾರ

ಅಕೌಂಟೆನ್ಸಿಯಲ್ಲಿ ಕಾಲೇಜಿಗೇ ನಾನು ಫಸ್ಟು. ಮೇಷ್ಟ್ರು ಹೊಗಳಿದರು, "ನೀನು ಕಾಮರ್ಸಿಗೇ ಹುಟ್ಟಿದವಳು." ಅಜ್ಜಿಗೆ ಯಾರೋ ಹೇಳಿದ್ದಾರೆ. "ನೋಡ್ದಾ, ಕೋಡಮ್ಮ ಸುಮ್ನೆ ಕೊಡಲ್ಲ" ಅಂತ ಬೀದಿಗೆಲ್ಲ ಸಾರಿದಳು. ನನ್ನ ಎದುರಿಗೇ! ಕಣ್ಣು ಕೂಡ ಮಿಟುಕಿಸಲಿಲ್ಲ. ಈ ಮುದುಕಿಗೆ ಮರೆತೇ ಹೋಗಿದೆಯೋ, ಇಲ್ಲ ನಿಜ ಅಂತಲೇ ನಂಬಿಬಿಟ್ಟಿದ್ದಾಳೋ.

ಫೇಲಾಗಬೇಕಿತ್ತು. ಬೇಕಂತಲೇ. ಪೇಪರ್ ಕೈಗೆ ಬಂದರೆ ಸುಮ್ಮನಿರಲು ಆಗಲ್ಲ ನನಗೆ.

ಮಾರ್ಚ್ 8, ಶನಿವಾರ

ಫಸ್ಟ್ ಪಿಯು ಪರೀಕ್ಷೆ ಮುಗಿಯಿತು. ರಮಾ ಮಿಸ್ ಬಸ್ಸಿನಲ್ಲಿ ಸಿಕ್ಕಿದರು. ಸೀಟು ಬಿಟ್ಟುಕೊಟ್ಟೆ, ಕೂರಲಿಲ್ಲ.

"ಇನ್ನೂ ಅಗ್ರಿ ತಲೇಲಿದೆಯಾ?"

"ಬಿಡಿ ಮಿಸ್."

"ಬಿಡಲ್ಲ. ಹೊಸದಾಗಿ ಫಸ್ಟ್ ಪಿಯುಗೆ ಸೇರ್ಬಹುದು ಕಣೇ. ಇಲ್ಲಿ ಟಿ.ಸಿ. ತಗೊಂಡು, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಮೇಲೆ ಬೇಲೂರಲ್ಲಿ ಪಿಸಿಎಂಬಿ. ಒಂದ್ ವರ್ಷ ಹೋಗುತ್ತೆ. ಅಷ್ಟೆ. ಈ ವರ್ಷ ಬಿಟ್ಟು ಸೆಕೆಂಡ್ ಪಿಯುಗೆ ಹೋದ್ಯೋ, ಆಮೇಲೆ ನಾನೂ ಏನೂ ಹೇಳಲ್ಲ. ಮನೆಯವ್ರು ಸಹಿ ಹಾಕ್ಬೇಕು, ಅದೊಂದೇ."

ಅದೊಂದೇ ಅಂತೆ.

ಏಪ್ರಿಲ್ 8, ಮಂಗಳವಾರ

ಸೆಕೆಂಡ್ ಪಿಯು ರಿಸಲ್ಟ್. ರಘುಗೆ ಮ್ಯಾಥ್ಸ್ ಮತ್ತೆ ಹೋಗಿದೆ. ಅಪ್ಪ ಕೂಗಾಡಲಿಲ್ಲ, ಅದೇ ಭಯ. "ಮತ್ತೆ ಕಟ್ಟು" ಅಂದ. ರಘು ಮೊದಲನೇ ಸಲ ಬಾಯಿ ಬಿಟ್ಟ. "ಕಟ್ಟಲ್ಲ."

ಅಪ್ಪ ಬಾರುಕೋಲು ತಗೊಂಡ. ಅಜ್ಜಿ ನಡುವೆ ಬಂದಳು. ಅವಳಿಗೆ ಗೊತ್ತಿರುವುದು ಒಂದೇ ಔಷಧ. "ಯುಗಾದಿ ಕಳೀತು. ಭಾನುವಾರ ಕೋಡಮ್ಮನ್ನ ಕೇಳಾನ."

ಈ ಸಲ ನಗು ಬಂತು ನನಗೆ.

ಆದರೆ ಅಜ್ಜಿ ಕೇಳುವ ಹಾಗಿಲ್ಲ. ಕಣ್ಣಿನ ಪೊರೆ ತೆಗೆದು ವಾರವಾಗಿಲ್ಲ, ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ, ತಲೆಸ್ನಾನ ಇಲ್ಲದೆ ಪ್ರಶ್ನೆ ಇಲ್ಲ. ಅಮ್ಮನನ್ನು ನೋಡಿದರು ಎಲ್ಲರೂ. ಅಮ್ಮ ಒಳಗಿನಿಂದಲೇ "ನಂಗೆ ನಾಲ್ಕ್ ಜನದ್ ಮುಂದೆ ಬಾಯ್ ಬರಲ್ಲ. ಸಿಂಧು ಕೇಳ್ಲಿ" ಅಂದಳು.

ಅಜ್ಜಿ ಹಸಿರು ಪಟ್ಟಿ ಕಟ್ಟಿದ ಕಣ್ಣಲ್ಲೇ ನನ್ನ ಕಡೆ ತಿರುಗಿದಳು. ಅಪ್ಪ ಮಾತ್ರ, "ಆಗ್ಲಿ ಬಿಡು. 'ರಘು ಮತ್ತೆ ಪರೀಕ್ಷೆ ಕಟ್ಲಾ' ಅಂತ ಕೇಳು ಸಾಕು" ಅಂದ.

ಏಪ್ರಿಲ್ 10, ಗುರುವಾರ

ರಘು ಹುಲ್ಲಿನ ಮೆದೆ ಹತ್ತಿರ ಕರೆದ. ಕೈ ತೋರಿಸಿದ. ಬೆರಳ ತುದಿಯೆಲ್ಲ ಕಂದು, ವಾರ್ನಿಷ್ ವಾಸನೆ.

"ಟ್ಯೂಷನ್‌ಗೆ ಹೋಗ್ತಿರ್ಲಿಲ್ಲ ಕಣೇ. ಅರಸೀಕೆರೇಲಿ ಒಂದ್ ಮೋಟಾರ್ ರಿವೈಂಡಿಂಗ್ ಅಂಗ್ಡಿ ಐತೆ. ಅಲ್ಲಿ ಕೂತ್ಕೊಂಡು ಕಾಯಿಲ್ ಸುತ್ತೋದ್ ಕಲ್ತೆ. ಹೋದ್ ವಾರ ನಮ್ ತೋಟದ್ ಮೋಟ್ರೂ ಬಂದಿತ್ತು, ನಾನೇ ಮಾಡಿದ್ದು. ಅಪ್ಪಂಗೆ ಗೊತ್ತಿಲ್ಲ."

ಮುಖ ಬೇರೆಯೇ ಆಗಿತ್ತು ಅವನದು, ಇದನ್ನು ಹೇಳುವಾಗ.

"ಅಪ್ಪ ಗಿಡ್ಡಯ್ಯಂಗೆ ನಾಟಿ ಕೋಳಿ ಕೊಟ್ಟೈತೆ. ನಾನೇ ನೋಡ್ದೆ. ಬಲಗಡೆ ಬೀಳ್ಸು ಅಂತ. ನೀನು ಏನ್ ಕೇಳಿದ್ರೂ ಬಲಗಡೇನೆ ಬೀಳೋದು. ತಿರುಗಿಸಿ ಕೇಳೇ. 'ರಘು ಓದು ನಿಲ್ಲಿಸ್ಲಾ' ಅಂತ ಕೇಳು."

ನೋಡು, ಅಪ್ಪನೂ! ಈ ಮನೆಯಲ್ಲಿ ಆ ಅಮ್ಮನನ್ನು ನಂಬುವವರು ಒಬ್ಬರಾದರೂ ಇದ್ದಾರಾ?

"ನನ್ನ ಸೈನ್ಸಿಗೆ ಹಾಕುವಾಗ ಒಬ್ರಾದ್ರೂ ಕೇಳಿದ್ರಾ ಸಿಂಧು? ನಿನ್ ವಿಷ್ಯಕ್ಕೆ ದೇವ್ರನ್ನಾದ್ರೂ ಕೇಳಿದ್ರು. ನಂಗೆ ಅದೂ ಇಲ್ಲ."

ಅದನ್ನು ನಾನು ಯೋಚನೆ ಮಾಡಿರಲಿಲ್ಲ. ಇಷ್ಟು ದಿನ ಅವನಿಗೆ ಸಿಕ್ಕಿತು ಅಂತ ಉರಿದುಕೊಂಡೆ. ಸಿಕ್ಕಿದ್ದು ಅವನಿಗೆ ಬೇಕಿರಲೇ ಇಲ್ಲ.

"ಆಯ್ತು" ಅಂದೆ. ನನ್ನ ಎರಡೂ ಕೈ ಹಿಡಿದುಕೊಂಡ. ಚಿಕ್ಕಂದಿನಲ್ಲೂ ಹಿಡಿದವನಲ್ಲ.

ಏಪ್ರಿಲ್ 12, ಶನಿವಾರ

ಒಂದು ಮನೆಗೆ ಒಂದೇ ಪ್ರಶ್ನೆ. ಮುಂದಿನ ಯುಗಾದಿವರೆಗೆ.

ಮುಂದಿನ ಯುಗಾದಿ ಹೊತ್ತಿಗೆ ನನ್ನ ಸೆಕೆಂಡ್ ಪಿಯು ಕಾಮರ್ಸ್ ಮುಗಿದಿರುತ್ತದೆ.

ಏನು ಕೇಳಿದರೂ ಬಲಗಡೆಯೇ ಬೀಳುತ್ತದೆ. ಏನು ಕೇಳಿದರೂ. ಬಿದ್ದಮೇಲೆ ಅಪ್ಪ ಏನು ಹೇಳಬಲ್ಲ? ಕೋಳಿ ಕೊಟ್ಟಿದ್ದೆ, ಇದು ಲೆಕ್ಕಕ್ಕಿಲ್ಲ ಅಂತಾನಾ? ನಾನು ಹೋದ ವರ್ಷ ಬಾಯಿ ಮುಚ್ಚಿಕೊಂಡು ನಿಂತ ಹಾಗೆ ಅವನೂ ನಿಲ್ಲಬೇಕು. ಅಜ್ಜಿಯೂ. ಸಹಿ ಹಾಕಲೇಬೇಕು.

ಬೇಡ. ರಘುಗೆ ಮಾತು ಕೊಟ್ಟಿದ್ದೇನೆ.

ಗಿಡ್ಡಯ್ಯ ಮಾತು ಕೊಟ್ಟಿದ್ದ. ಉಳಿಸಿಕೊಂಡ ಕೂಡ. ಏನಾಯಿತು ಅದರಿಂದ ನನಗೆ?

ಸಂಜೆ ಹಾಲು ಕರೆಯುವಾಗ ಅಮ್ಮ ಬಂದು ಪಕ್ಕದ ಹಸುವಿಗೆ ಕೂತಳು. ಎಡಗೈಯಲ್ಲಿ ಕರೆಯುತ್ತಿದ್ದಳು. ನಿಧಾನ, ಆದರೆ ನೊರೆ ಬರುತ್ತಿತ್ತು. ಯಾವಾಗ ಕಲಿತಳೋ. ಒಂದು ವರ್ಷ ನಾನು ಅವಳ ಕಡೆ ಸರಿಯಾಗಿ ತಿರುಗಿಯೂ ನೋಡಿಲ್ಲ.

"ನಾಳೆ ನೀನ್ ಕೇಳೋದ್ ಕೇಳು. ಸಂಜೆ ಹಾಲು ನಾನ್ ನೋಡ್ಕತೀನಿ" ಅಂದಳು.

ನಾಳೆ ಸಂಜೆಯದು ಮಾತ್ರವಾ? ಕೇಳಲಿಲ್ಲ. ಒಂದು ವರ್ಷ ತಡ ಆಯಿತಲ್ಲಮ್ಮ, ಅನ್ನಬೇಕು ಅನ್ನಿಸಿತು. ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟೆ.

ಏಪ್ರಿಲ್ 13, ಭಾನುವಾರ. ಬೆಳಗ್ಗೆ

ತಲೆಸ್ನಾನ ಆಯಿತು. ಕೂದಲಿನಿಂದ ನೀರು ಹಾಳೆ ಮೇಲೆ ಬೀಳುತ್ತಿದೆ.

ಹೊರಗೆ ರಘು ಕೊಟ್ಟಿಗೆ ಬಾಚುತ್ತಿದ್ದಾನೆ. ನನ್ನ ಕೆಲಸ, ಹೇಳದೆಯೇ ಮಾಡುತ್ತಿದ್ದಾನೆ. ಗೌರಿ ಒದ್ದಳು, ಮತ್ತೆ ಹತ್ತಿರ ಹೋದ. ಕಿಟಕಿಯಿಂದ ನನ್ನನ್ನು ನೋಡಿ ನಕ್ಕ. ಥೂ, ಯಾಕೆ ನಗಬೇಕು ಇವನು? ಒಂದು ಸಲ ಬೈದಿದ್ದರೆ ಸುಲಭವಾಗುತ್ತಿತ್ತು.

ಅವನಿಗೆ ಕೈಯಲ್ಲಿ ಕೆಲಸ ಇದೆ. ಅಪ್ಪ ಹೊಡೆದರೂ ಅರಸೀಕೆರೆಗೆ ಓಡಿ ಹೋಗಬಹುದು. ಗಂಡು ಹುಡುಗ. ಎಲ್ಲಾದರೂ ಮಲಗುತ್ತಾನೆ. ನಾನು ಎಲ್ಲಿಗೆ ಹೋಗಲಿ? ಇಷ್ಟೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ ಅಂದರೆ ಆಗಲೇ ತೀರ್ಮಾನ ಮಾಡಿದ್ದೇನೆ ಅಂತ ತಾನೇ?

ನನ್ನನ್ನು ಅವನು ಯಾವತ್ತೂ ಕ್ಷಮಿಸಲ್ಲ. ನಾನು ಅಜ್ಜಿಯನ್ನು ಕ್ಷಮಿಸಿದ್ದೇನಾ?

ಅಪ್ಪ ಕೂಗುತ್ತಿದ್ದಾನೆ, ಹೊತ್ತಾಯ್ತಂತೆ. ಕಣಗಿಲೆ ಬುಟ್ಟಿ ಬಾಗಿಲಲ್ಲೇ ಇಟ್ಟಿದ್ದಾರೆ. ಬಾಯಿಪಾಠ ಆಗಿದೆ, ಇನ್ನೊಂದು ಸಲ ಹೇಳಿಕೊಳ್ಳುತ್ತೇನೆ. ಅಲ್ಲಿ ತಡವರಿಸಬಾರದು. ಗಿಡ್ಡಯ್ಯ ಗಂಟೆ ಬಾರಿಸುವುದರೊಳಗೆ ಎಲ್ಲರಿಗೂ ಕೇಳುವ ಹಾಗೆ ಮುಗಿಸಿಬಿಡಬೇಕು.

ತಾಯೀ ಕೋಡಮ್ಮ, ನಿನ್ನ ಮಗಳು ಸಿಂಧೂನ ಈ ವರ್ಷ ಬೇಲೂರಿಗೆ —